ಗುಹೆಯ ಸ್ಟಾಲಗ್ಮೈಟ್ ನೋಡಿ ಹಳೆಯ ಮುಂಗಾರನ್ನು ಹೇಗೆ ತಿಳಿಯುತ್ತಾರೆ?

ಮುಂಗಾರುಪ್ರಿಯ:
ಮೇಘಾಲಯದ ಮಾವ್ಮ್ಲು ಗುಹೆಯ ಸ್ಟಾಲಗ್ಮೈಟ್ (ತೊಟ್ಟಿಕ್ಕುವ ನೀರಿನಿಂದ ಗುಹೆಯ ನೆಲದ ಮೇಲೆ ಪದರ ಪದರವಾಗಿ ಬೆಳೆಯುವ ಸುಣ್ಣದ ಕಂಬ) ಆಧಾರದ ಮೇಲೆ, ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಕೈಕೊಟ್ಟಿತ್ತು ಅನ್ನುತ್ತಾರೆ. ಆಗಿನಿಂದ ಇಂದಿನವರೆಗಿನ ಕಾಲಕ್ಕೆ 2018ರಲ್ಲಿ ‘ಮೇಘಾಲಯನ್’ ಅಂತ ಹೆಸರೂ ಬಂತು. ಆದರೆ ಕಲ್ಲಿನೊಳಗಿನ ಆಕ್ಸಿಜನ್ ಅಳೆದು ಮಳೆ ಕಡಿಮೆಯಿತ್ತು ಅಂತ ಹೇಳುವುದು ಹೇಗೆ? ವಯಸ್ಸಿನ ಲೆಕ್ಕವನ್ನಾದರೂ ನಂಬಬಹುದಾ?

ಸುಣ್ಣಕಲ್ಲು:
ವಯಸ್ಸನ್ನು ಧಾರಾಳವಾಗಿ ನಂಬಿ. ಈ ಕೆಲಸದಲ್ಲಿ ತುಂಬಾ ಗಟ್ಟಿಯಾದ ಭಾಗ ಅದೇ. ಯುರೇನಿಯಂ ನೀರಿನಲ್ಲಿ ಕರಗುತ್ತದೆ, ಥೋರಿಯಂ ಹೆಚ್ಚುಕಮ್ಮಿ ಕರಗುವುದೇ ಇಲ್ಲ. ಹಾಗಾಗಿ ಹನಿಯಿಂದ ಹೊಸ ಪದರ ಕಟ್ಟುವಾಗ ಅದರಲ್ಲಿ ಯುರೇನಿಯಂ ಇರುತ್ತದೆ, ಥೋರಿಯಂ ಇರುವುದಿಲ್ಲ. ಆಮೇಲೆ ಯುರೇನಿಯಂ-234 ಕ್ಷಯಿಸಿ ಥೋರಿಯಂ-230 ಹುಟ್ಟುತ್ತಾ ಹೋಗುತ್ತದೆ. ಎಷ್ಟು ಹುಟ್ಟಿದೆ ಅಂತ ಅಳೆದರೆ ವಯಸ್ಸು ಸಿಗುತ್ತದೆ. ಸುಮಾರು 6 ಲಕ್ಷ ವರ್ಷದವರೆಗೂ ಹೀಗೆ ಹಿಂದಕ್ಕೆ ಹೋಗಬಹುದು.

ಕೆಡಿಸುವುದು ಮಣ್ಣು. ನಾನು ಲ್ಯಾಬ್‌ನಲ್ಲಿ ಕಲ್ಲನ್ನು ಉದ್ದಕ್ಕೆ ಸೀಳಿ, ಪಾಲಿಶ್ ಮಾಡಿ, ಸಣ್ಣ ಡ್ರಿಲ್ಲಿನಿಂದ ಪದರ ಪದರವಾಗಿ ಪುಡಿ ತೆಗೆಯುತ್ತೇನೆ. ಶುದ್ಧ ಪದರದ ಪುಡಿ ಅಚ್ಚ ಬಿಳಿ. ಕಂದು ಗೆರೆ ಬಂದ ಕಡೆ ಡ್ರಿಲ್ ಇಡುವುದೇ ಇಲ್ಲ, ಯಾಕಂದ್ರೆ ಮಣ್ಣಿನ ಜೊತೆ ಬಂದ ಥೋರಿಯಂ ಕಲ್ಲನ್ನು ಇರುವುದಕ್ಕಿಂತ ಹಳೆಯದಾಗಿ ತೋರಿಸುತ್ತದೆ. ಕಣ್ಣಿಗೆ ಕಾಣದ ಮಣ್ಣನ್ನು, ಮಣ್ಣಿನ ಜೊತೆಗೇ ಬರುವ ಇನ್ನೊಂದು ಬಗೆಯ ಥೋರಿಯಂ, ಅಂದರೆ ಥೋರಿಯಂ-232, ಹಿಡಿದುಕೊಡುತ್ತದೆ, ಅದರಿಂದ ಲೆಕ್ಕ ತಿದ್ದಬಹುದು.

ಇನ್ನು ಮಳೆ. ನೀರಿನಲ್ಲಿ ಎರಡು ಬಗೆಯ ಆಕ್ಸಿಜನ್ ಇರುತ್ತದೆ: ಆಕ್ಸಿಜನ್-18 ಭಾರದ್ದು, 16 ಹಗುರದ್ದು. ಭಾರದ ನೀರು ಮೋಡದಿಂದ ಬೇಗ ಇಳಿದುಬಿಡುತ್ತದೆ. ಮಳೆ ಜಡಿದು ಸುರಿದಷ್ಟೂ ಉಳಿದ ಆವಿಯಲ್ಲಿ, ಅದರಿಂದ ಮುಂದೆ ಬೀಳುವ ಮಳೆಯಲ್ಲೂ, 18 ಕಡಿಮೆಯಾಗುತ್ತದೆ. ಮಣ್ಣಿನ ಮೂಲಕ ಇಳಿದ ಅದೇ ನೀರು ಸುಣ್ಣದ ಕಲ್ಲನ್ನು ಕರಗಿಸಿಕೊಂಡು ಗುಹೆಯಲ್ಲಿ ತೊಟ್ಟಿಕ್ಕುತ್ತದೆ. ಆದ್ದರಿಂದ ಪದರದಲ್ಲಿ 18 ಕಡಿಮೆ ಅಂದರೆ ಸಾಮಾನ್ಯವಾಗಿ ಜೋರು ಮುಂಗಾರು.

ಮುಂಗಾರುಪ್ರಿಯ:
ದೂರದ ಸಮುದ್ರದಿಂದ ಬಂದ ಮೋಡ ದಾರಿಯಲ್ಲೇ ಮಳೆ ಸುರಿಸಿ ಬಂದಿದ್ದರೂ 18 ಕಡಿಮೆ ಇರುತ್ತದೆ ಅಲ್ವಾ?

ಸುಣ್ಣಕಲ್ಲು:
ಖಂಡಿತ. ಅದಕ್ಕೇ ಆಕ್ಸಿಜನ್-18ರ ಸಂಖ್ಯೆಯನ್ನು ನೇರವಾಗಿ ಇಷ್ಟು ಮಿಲಿಮೀಟರ್ ಮಳೆ ಅಂತ ಬದಲಾಯಿಸುವುದನ್ನು ನಾನು ಒಪ್ಪುವುದಿಲ್ಲ. ಆವಿ ಎಲ್ಲಿಂದ ಬಂತು, ಎಷ್ಟು ದೂರ ಬಂತು, ಯಾವ ತಿಂಗಳ ಮಳೆ ಜಾಸ್ತಿ ಇಳಿಯಿತು, ಎಲ್ಲವೂ ಅದರಲ್ಲಿ ಬೆರೆತಿರುತ್ತದೆ. ಅದು ಒಂದು ಗುಡ್ಡದ ಮಳೆಗಿಂತ ಇಡೀ ಮುಂಗಾರಿನ ಕಸುವನ್ನು ಹೇಳುತ್ತದೆ ಅನ್ನುವುದೇ ಸರಿ. ಗಾಳಿಯಾಡುವ ಗುಹೆಬಾಯಿಯ ಹತ್ತಿರದ ಕಲ್ಲಂತೂ ಬೇಡವೇ ಬೇಡ. ಅಲ್ಲಿ ಹನಿ ಆವಿಯಾಗಿ ಸಂಖ್ಯೆಯೇ ಏರಿಬಿಡುತ್ತದೆ.

ಹನಿಎಣಿಸುವವ:
ನಾನೊಂದು ಸೇರಿಸುತ್ತೇನೆ. ಒಂದೇ ಕಲ್ಲನ್ನು ನಂಬಿ ಕೂರಬೇಡಿ. ಚೀನಾದ ಹುಲು, ದೊಂಗ್ಗೆ, ಸನ್‌ಬಾವ್ ಗುಹೆಗಳು ಒಂದಕ್ಕೊಂದು ನೂರಾರು ಕಿಲೋಮೀಟರ್ ದೂರ. ಆದರೂ ಅಲ್ಲಿನ ಕಲ್ಲುಗಳಲ್ಲಿ ಆಕ್ಸಿಜನ್-18ರ ಏರಿಳಿತ ಒಂದಕ್ಕೊಂದು ಹೊಂದುತ್ತದೆ. 2016ರಲ್ಲಿ ಅವನ್ನು ಜೋಡಿಸಿ 6,40,000 ವರ್ಷದ ದಾಖಲೆ ಪ್ರಕಟಿಸಿದರು. ಭೂಮಿಯ ಅಕ್ಷ ಓಲಾಡುವ ಸುಮಾರು 23,000 ವರ್ಷದ ತಾಳ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಮಾವ್ಮ್ಲುವಿನದೇ ಇನ್ನೊಂದು ಕಲ್ಲನ್ನು ವರ್ಷವರ್ಷದ ಸೂಕ್ಷ್ಮತೆಯಲ್ಲಿ ಅಳೆದ ಅಧ್ಯಯನ 2018ರಲ್ಲಿ ಬಂತು. ಅದರಲ್ಲಿ ಒಂದೇ ದೊಡ್ಡ ಕುಸಿತದ ಬದಲು, ಕೆಲವು ದಶಕಗಳ ದುರ್ಬಲ ಮುಂಗಾರು ಮತ್ತೆ ಮತ್ತೆ ಬಂದದ್ದು ಕಂಡಿದೆ. ನೀವು ಓದಿದ ‘ಕೈಕೊಟ್ಟಿತು’ ಅನ್ನುವುದನ್ನು ಹಾಗೆ ಅರ್ಥ ಮಾಡಿಕೊಳ್ಳಿ.