ಒಂದನೇ ಕ್ಲಾಸಿನ ಮಗಳ ನೋಟ್‌ಬುಕ್ ಖಾಲಿ, ಟೀಚರ್ ನೋಡಿದರೆ "ಮನೆಯಲ್ಲಿ ಆಡಿಸಿ" ಅನ್ನುತ್ತಾರೆ

ಖಾಲಿಪುಟ:
ಮಗಳಿಗೆ 6 ವರ್ಷ. ಶಾಲೆ ಶುರುವಾಗಿ 4 ತಿಂಗಳಾಯಿತು, ಗಣಿತದ ನೋಟ್‌ಬುಕ್ಕಿನಲ್ಲಿ ಬರೆದಿರುವುದು ಬರೀ 5 ಪುಟ. ಇವತ್ತು ಏನು ಕಲಿತೆ ಅಂದರೆ ದಿನಾ ಒಂದೇ ಉತ್ತರ, "ಆಡಿದೆ." ಪೋಷಕರ ಸಭೆಯಲ್ಲಿ ಕೇಳಿದೆ. ದಿನಕ್ಕೆ 15 ನಿಮಿಷ ನೀವೂ ಜೊತೆಗೆ ಕೂತು ಆಡಿ, ಅದೇ ಹೋಂವರ್ಕ್ ಅಂದರು ಟೀಚರ್.

ಸರಿ ಅಂತ ಕೂತೆ. ಬ್ಲಾಕ್ ಜೋಡಿಸುತ್ತಿದ್ದಳು. ಇದು ಯಾವ ಬಣ್ಣ, ಕೆಂಪು ಎಷ್ಟಿದೆ, ಇನ್ನೂ 2 ಸೇರಿಸಿದರೆ ಎಷ್ಟಾಗುತ್ತೆ ಅಂತ ಕೇಳುತ್ತಾ ಹೋದೆ. ಐದೇ ನಿಮಿಷ, "ಅಮ್ಮಾ, ನೀನು ಆ ಕಡೆ ಹೋಗು" ಅಂದುಬಿಟ್ಟಳು. ಅತ್ತೆ ಬೇರೆ, ಫೀಸು ಕಟ್ಟಿರುವುದು ಆಡುವುದಕ್ಕಾ ಅಂತ ಗೊಣಗುತ್ತಿದ್ದಾರೆ. ಆಟದಿಂದ ನಿಜವಾಗಲೂ ಏನಾದರೂ ತಲೆಗೆ ಹೋಗುತ್ತಾ? ಹೋಗುವುದಾದರೆ ನಾನು ಎಲ್ಲಿ ಎಡವಿದೆ?

ಬಳಪದ ಪುಡಿ:
ನೀವು ಆಡಲಿಲ್ಲ ಮೇಡಂ, ಪರೀಕ್ಷೆ ತಗೊಂಡಿರಿ :) ಬೇಜಾರಾಗಬೇಡಿ. ನಾನು ಒಂದು, ಎರಡನೇ ಕ್ಲಾಸಿಗೆ ಪಾಠ ಮಾಡುವವಳು, ನನ್ನ ಮಗನ ಜೊತೆ ನಾನೂ ಇದನ್ನೇ ಮಾಡಿದ್ದೆ.

ಪ್ರಶ್ನೆ ಬಿಡಿ, ನೀವೂ ಪಕ್ಕದಲ್ಲಿ ಒಂದು ಗೋಪುರ ಕಟ್ಟಿ. "ಅಯ್ಯೋ, ನಂದು ಯಾಕೋ ಬಿದ್ದೇ ಹೋಗ್ತಿದೆ" ಅನ್ನಿ. ಅವಳೇ ಬಂದು ದೊಡ್ಡದನ್ನು ಕೆಳಗಿಡು ಅಂತ ಹೇಳಿಕೊಡುತ್ತಾಳೆ. ಉದ್ದದ ಬ್ಲಾಕ್ ಸಿಗದೇ ಇದ್ದಾಗ ಎರಡು ಗಿಡ್ಡದನ್ನು ಸೇರಿಸಿ ಇಡುತ್ತಾಳಲ್ಲ, ಕೂಡುವ ಲೆಕ್ಕ ಅಲ್ಲೇ ಇದೆ, ನೀವು ಬಾಯಿಬಿಟ್ಟು ಕೇಳಬೇಕಾಗಿಲ್ಲ.

ಮತ್ತೆ ಇದು ನಿನ್ನೆ ಮೊನ್ನೆ ಬಂದ ಫ್ಯಾಷನ್ ಅಲ್ಲ. ಜರ್ಮನಿಯ ಫ್ರೋಬೆಲ್ 1837ರಲ್ಲಿ ಚಿಕ್ಕ ಮಕ್ಕಳಿಗೆ ಅಂತ ಒಂದು ಜಾಗ ಶುರು ಮಾಡಿ, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಅಂತ ಹೆಸರಿಟ್ಟರು. ಅಲ್ಲಿ ಪಾಠದ ಸಾಮಾನು ಅಂದರೆ ಚೆಂಡು, ಮರದ ಗುಂಡು, ಚೌಕದ ಬ್ಲಾಕು. ಅಮ್ಮಂದಿರು ಮನೆಯಲ್ಲಿ ಆಡಿಸಲಿ ಅಂತ ಹಾಡು, ಬೆರಳಾಟಗಳ ಪುಸ್ತಕವನ್ನೂ ಮಾಡಿದರು. ಮನೆಯವರು ಆಗಿನಿಂದಲೇ ಇದರಲ್ಲಿ ಇದ್ದಾರೆ.

ದಾಳದಪ್ಪ:
ದಾಳ ತಗೊಳ್ಳಿ, ಸಾಕು. ನಮ್ಮನೆಯಲ್ಲಿ ಕೆಲಸ ಮಾಡಿದ್ದು ಅದೇ.

ಒಂದು ವಿಷಯ ಗಮನಿಸಿ. ಕಾಯಿ 3ರ ಮನೆಯಲ್ಲಿದೆ, ದಾಳದಲ್ಲಿ 2 ಬಿತ್ತು ಅಂದುಕೊಳ್ಳಿ. ಎಷ್ಟೋ ಮಕ್ಕಳು ನಿಂತ ಮನೆಯನ್ನೇ "ಒಂದು" ಅಂತ ಎಣಿಸಿ 4ಕ್ಕೇ ನಿಂತುಬಿಡುತ್ತಾರೆ. ಸರಿಯಾಗಿ ನಡೆಸುವವರೂ "ಒಂದು, ಎರಡು" ಅನ್ನುತ್ತಾರೆ. ಅದರ ಬದಲು ಕಾಲಿಟ್ಟ ಮನೆಯ ಅಂಕಿಯನ್ನೇ "ನಾಲ್ಕು, ಐದು" ಅಂತ ಹೇಳಿಸಿ. ರಮಣಿ ಮತ್ತು ಸೀಗ್ಲರ್ ಅನ್ನುವ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೀಗೇ ಆಡಿಸಿದ್ದರು. 1ರಿಂದ 10ರವರೆಗೆ ಒಂದೇ ಸಾಲಿನ ಹಲಗೆ, 15 ನಿಮಿಷದಂತೆ 4 ಸಲ, ಅಷ್ಟೇ. ಯಾವ ಸಂಖ್ಯೆ ದೊಡ್ಡದು ಅಂತ ಹೇಳುವುದು, ಎಣಿಸುವುದು, ಅಂಕಿ ಗುರುತಿಸುವುದು ಎಲ್ಲ ಸುಧಾರಿಸಿತು, 9 ವಾರ ಆದಮೇಲೂ ಉಳಿದಿತ್ತು. ಅಂಕಿ ಇಲ್ಲದೆ ಬರೀ ಬಣ್ಣದ ಮನೆಗಳ ಮೇಲೆ ಆಡಿದ ಮಕ್ಕಳಲ್ಲಿ ಇದು ಆಗಲಿಲ್ಲ. ಅವರು ನಿಮ್ಮ ಮಗಳಿಗಿಂತ ಚಿಕ್ಕವರು, ಇನ್ನೂ ಶಾಲೆಗೆ ಸೇರದವರು ಅನ್ನುವುದು ನೆನಪಿರಲಿ.

ಹಾವು ಏಣಿ ಹಲಗೆಯಲ್ಲಿ 10 ಆದಮೇಲೆ ಸಾಲು ಉಲ್ಟಾ ತಿರುಗುತ್ತದೆ, ನಮ್ಮವನು ಅಲ್ಲೇ ದಾರಿ ತಪ್ಪುತ್ತಿದ್ದ. ಅದಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ 1ರಿಂದ 20 ನೇರವಾಗಿ ಬರೆದೆ.

ಒತ್ತಕ್ಷರ:
ಎಲ್ಲರೂ ಆಟ ಆಟ ಅಂತಿದ್ದೀರಿ, ಸ್ವಲ್ಪ ತಡೆಯಿರಿ. ನನ್ನ ಮಗನ ಶಾಲೆಯಲ್ಲೂ ಹೀಗೇ ಅಂದರು. ಮೂರನೇ ಕ್ಲಾಸಿಗೆ ಬಂದಾಗ ಒತ್ತಕ್ಷರ ಓದಲು ಬರುತ್ತಿರಲಿಲ್ಲ, ನಾನು ರಾತ್ರಿ ಕೂತು ಹೇಳಿಕೊಡಬೇಕಾಯಿತು. ಮಾತು ತಾನಾಗಿ ಬರುತ್ತದೆ, ಓದು ಹಾಗಲ್ಲ. ಈ ಅಕ್ಷರಕ್ಕೆ ಈ ಸದ್ದು ಅಂತ ಯಾರಾದರೂ ಕೂತು ಕಲಿಸಲೇಬೇಕು. ಫಿನ್‌ಲೆಂಡ್ ಅಂತ ಯಾರೋ ಶುರು ಮಾಡುವ ಮುಂಚೆಯೇ ಹೇಳಿಬಿಡುತ್ತೇನೆ, ಅಲ್ಲಿ ಒಂದನೇ ಕ್ಲಾಸು 7ನೇ ವಯಸ್ಸಿಗೆ ಅನ್ನುವುದು ನಿಜ, ಆದರೆ ಅದಕ್ಕೆ ಮುಂಚಿನ ಒಂದು ವರ್ಷದ ಪೂರ್ವ ತಯಾರಿ 2015ರಿಂದ ಕಡ್ಡಾಯ. ಅವರೇನೂ ಸುಮ್ನೆ ಬಿಟ್ಟಿಲ್ಲ.

ಬಳಪದ ಪುಡಿ:
ಒತ್ತಕ್ಷರ ಅವರೇ, ಒಪ್ಪಿದೆ. ಸುಮ್ನೆ ಬಿಡುವುದೇ ಬೇರೆ, ಆಡಿಸುವುದೇ ಬೇರೆ. ಖಾಲಿಪುಟ, ಟೀಚರನ್ನು "ಯಾಕೆ ಬರೆಸಲ್ಲ" ಅಂತ ಕೇಳಬೇಡಿ, "ಈ ವಾರದ ಆಟದಲ್ಲಿ ಏನು ಕಲಿಯಲಿ ಅಂತಿದ್ದಿರಿ" ಅಂತ ಕೇಳಿ. ಯೋಚನೆ ಮಾಡಿ ಆಡಿಸುವವರು ತಡವರಿಸದೆ ಹೇಳುತ್ತಾರೆ. ತಡವರಿಸಿದರೆ ಆಗ ಚಿಂತೆ ಮಾಡೋಣ.

ಖಾಲಿಪುಟ:
ಟೀಚರನ್ನು ಕೇಳಿದೆ, ಈ ವಾರ ಹತ್ತು ಹತ್ತರ ಕಟ್ಟು ಮಾಡುವುದಂತೆ, ಕಡ್ಡಿ ಮತ್ತು ರಬ್ಬರ್ ಬ್ಯಾಂಡ್ ಇಟ್ಟುಕೊಂಡು. ಅದು ಸಮಾಧಾನ ಆಯಿತು.

ನಿನ್ನೆ ನೆಲದ ಮೇಲೆ 20 ಮನೆ ಬರೆದೆ. ಬೇಕಂತಲೇ ನಿಂತ ಮನೆಯನ್ನು ಸೇರಿಸಿ ಎಣಿಸಿದೆ. "ಅಮ್ಮಾ, ನಿಂತಿರೋದನ್ನ ಎಣಿಸಬಾರದು, ಮುಂದಿನದರಿಂದ" ಅಂತ ನನ್ನ ಕೈ ಹಿಡಿದು ಕಾಯಿ ನಡೆಸಿದಳು. ಆ ಕಡೆ ಹೋಗು ಅನ್ನಲಿಲ್ಲ. ಅತ್ತೆ ಮೊದಲು ದೂರದಿಂದ ನೋಡುತ್ತಿದ್ದರು, ಆಮೇಲೆ ಅವರೂ ಬಂದು ಕೂತರು. 3 ಆಟ ಸೋತಿದ್ದಾರೆ, ಇವತ್ತು ಬೆಳಿಗ್ಗೆಯಿಂದ ದಾಳ ಎಲ್ಲಿ ಅಂತ ಹುಡುಕುತ್ತಿದ್ದಾರೆ.