ಸ್ವಿಮ್‌ಸೂಟಿಗೆ ಸುರುವಿಗೆ ಹೆಗಲಿನಿಂದ ಹೆಗಲಿಗೆ ಉದ್ದದ ಸುತ್ತಳತೆ ತೆಗಿ, ಫೋಟೋ ಆಮೇಲೆ ನೋಡುವ

ಕೂಸೇ, ಮನೆಯವರ ಗ್ರೂಪಿನಲ್ಲಿ ನಿನ್ನ ಮೆಸೇಜು ನಿನ್ನೆ ರಾತ್ರಿಯೇ ನೋಡಿದ್ದೆ, ಆದ್ರೆ ಅಂಗಡಿಯಲ್ಲಿ ಮದುವೆ ಬ್ಲೌಸಿನ ರಾಶಿ ಇತ್ತು, ಉತ್ತರ ಹಾಕ್ಲಿಕ್ಕೆ ಆಗ್ಲಿಲ್ಲ. ಈಗ ಬಾಗಿಲು ಹಾಕಿ ಬಂದು ಚಾ ಕುಡಿದು ಕೂತಿದ್ದೇನೆ, ಸ್ವಲ್ಪ ಉದ್ದ ಆಗ್ತದೆ, ಮಗುವನ್ನು ಮಲಗಿಸಿ ನಿಧಾನಕ್ಕೆ ಕೇಳು. ನೀನು ಕೇಳಿದ್ದು ಎಂತದ್ದು, ಸೋಮವಾರದಿಂದ ಮಂಗಳೂರಿನಲ್ಲಿ ಸ್ವಿಮ್ಮಿಂಗ್ ಕ್ಲಾಸಿಗೆ ಸೇರುದು, ನಿಂದು ಮೇಲೆ ಸಪೂರ, ಸೊಂಟ ತೊಡೆ ದಪ್ಪ, ಹೆರಿಗೆ ಆಗಿ ಒಂದೂವರೆ ವರ್ಷ ಆದ್ರೂ ಹೊಟ್ಟೆ ಒಳಗೆ ಹೋಗಿಲ್ಲ, ಹಾಕಿದ ಮೂರು ಫೋಟೋದಲ್ಲಿ ಯಾವ ಸ್ವಿಮ್‌ಸೂಟ್ ಚಂದ ಕಾಣ್ತದೆ ಅಂತ. ಕಪ್ಪು ಬಣ್ಣದ್ದು ಸ್ಕರ್ಟ್ ಇರುದು ಒಂದು, ಕುತ್ತಿಗೆಯ ಹಿಂದೆ ಕಟ್ಟುವ ಹೂವಿನ ಹಾಲ್ಟರ್ ಒಂದು, ಮೊಣಗಂಟಿನವರೆಗೆ ಬರುವ ನೇವಿ ಬ್ಲೂ ಒಂದು. ಅದರ ಕೆಳಗೆ ನೀನು "ಸ್ವಲ್ಪ ತೆಳ್ಳಗೆ ಆದ್ಮೇಲೆ ಸೇರಿದ್ರೆ ಒಳ್ಳೇದಿತ್ತೋ ಏನೋ" ಅಂತ ಬರ್ದದ್ದು ಓದಿ ನಂಗೆ ನಿಜವಾಗಿಯೂ ಬೇಜಾರಾಯ್ತು.

ಹಾಗೆ ಕಾಯ್ಬೇಡ ಮಾರಾಯ್ತಿ. ಬದಿಯಡ್ಕದಲ್ಲಿ ನಾನು ಹೊಲಿಲಿಕ್ಕೆ ಕೂತು 24 ವರ್ಷ ಆಯ್ತು, ತೆಳ್ಳಗೆ ಆದ್ಮೇಲೆ ಅಳತೆ ಕೊಡ್ತೇನೆ ಅಂತ ಪೀಸ್ ಇಟ್ಟು ಹೋದವರ ಪಟ್ಟೆ ಸೀರೆಯ ಬ್ಲೌಸು ಮೂರು ಈಗಲೂ ನನ್ನ ಕಪಾಟಿನಲ್ಲಿ ಹಾಗೇ ಉಂಟು, ಅವರು ಆ ಸೀರೆ ಉಡ್ಲೇ ಇಲ್ಲ, ಕಪಾಟು ತೆಗೆದಾಗೆಲ್ಲ ಸಂಕಟ ಆಗ್ತದೆ. ಇವತ್ತು ನಿನ್ನ ಮೈ ಎಷ್ಟುಂಟೋ ಅಷ್ಟಕ್ಕೇ ಅಳತೆ ತೆಗೆದು ತಕ್ಕೊ.

ಈಗ ನನ್ನ ಕಥೆ ಕೇಳು, ಯಾಕಂದ್ರೆ ನಿಂಗೆ ಇದೇ ಆಗುದು ಬೇಡ. ಎರಡು ವರ್ಷದ ಹಿಂದೆ ಮೊಣಗಂಟು ನೋವಿಗೆ ಡಾಕ್ಟ್ರು ನೀರಲ್ಲಿ ವ್ಯಾಯಾಮ ಮಾಡಿ ಅಂದ್ರಲ್ಲ, ಆಗ ನಾನು ಸಹ ಆನ್‌ಲೈನಿನಲ್ಲಿ ಎದೆಯಳತೆ ಒಂದೇ ನೋಡಿ ಆರ್ಡರ್ ಮಾಡಿದ್ದು, ಊರಿಗೆಲ್ಲ ಅಳತೆ ತೆಗೆಯುವವಳು ನನ್ನ ಅಳತೆ ಸರಿ ತೆಗಿಲಿಲ್ಲ. ಎದೆಗೆ ಸರಿ ಇತ್ತು, ಸೊಂಟಕ್ಕೂ ಸರಿ ಇತ್ತು, ಆದ್ರೆ ಕೊಳದ ಈ ತುದಿಯಿಂದ ಆ ತುದಿಗೆ ನಾಲ್ಕು ಸಲ ಹೋಗಿ ಬರುವಷ್ಟರಲ್ಲಿ ಹೆಗಲಿನಲ್ಲಿ ಎರಡು ಕೆಂಪು ಬರೆ, ಹಿಂದಿನಿಂದ ಬಟ್ಟೆ ಮೇಲೆ ಮೇಲೆ ಹೋಗುದು, ಮುಂದೆ ಕತ್ತು ಕೆಳಗೆ ಎಳೆಯುದು, ಒಂದು ಕೈ ಈಜಿಗೆ ಒಂದು ಕೈ ಬಟ್ಟೆ ಎಳೆಯುದಕ್ಕೆ. ನಾನು ಮೂರು ವಾರ ನನ್ನ ಮೈಯೇ ಸರಿ ಇಲ್ಲ ಅಂತ ತಿಳ್ಕೊಂಡಿದ್ದೆ. ಒಂದು ದಿನ ಅದನ್ನು ಕಟಿಂಗ್ ಟೇಬಲ್ ಮೇಲೆ ಹರಡಿ ನೋಡುವಾಗ ಗೊತ್ತಾಯ್ತು, ಅಗಲ ಎಲ್ಲ ಸರಿಯೇ ಉಂಟು, ಉದ್ದ ಸಾಲದು. ವನ್ ಪೀಸ್ ಸ್ವಿಮ್‌ಸೂಟಿಗೆ ಎದೆ, ಸೊಂಟ, ಹಿಪ್ ಅಲ್ಲದೆ ನಾಲ್ಕನೇ ಅಳತೆ ಒಂದುಂಟು, ಟಾರ್ಸೋ ಅಂತಾರೆ, ಒಳ್ಳೆ ಸೈಜ್ ಚಾರ್ಟಿನಲ್ಲಿ ಕೊನೆಗೆ ಬರ್ದಿರ್ತದೆ, ಯಾರೂ ಅದನ್ನು ನೋಡುದಿಲ್ಲ.

ತೆಗೆಯುದು ಹೇಗೆ ಹೇಳ್ತೇನೆ. ಹೆಗಲಿನ ನಡುವಿಗೆ, ಸರಿ ಬ್ರಾ ಪಟ್ಟಿ ಕೂರುವಲ್ಲಿಗೆ ಒಂದು ತುದಿ ಹಿಡಿ, ಎದೆಯ ಮೇಲಿನಿಂದ ಕೆಳಗೆ ತಂದು ಕಾಲುಗಳ ನಡುವಿನಿಂದ ಹಿಂದೆ ತಕ್ಕೊಂಡು, ಬೆನ್ನಿನ ಮೇಲಿನಿಂದ ಪುನಃ ಅದೇ ಹೆಗಲಿಗೆ ತಂದು ಸೇರಿಸು. ಒಂದು ದೊಡ್ಡ ಸುತ್ತು. ನಮ್ಮ ಟೈಲರ್ ಟೇಪು ಇರುದು 60 ಇಂಚು, ಇದಕ್ಕೆ ಹೆಚ್ಚಿನವರಿಗೆ ಸಾಕಾಗುದಿಲ್ಲ, ನಾನು ಸೀರೆ ಫಾಲ್ಸಿನ ಪಟ್ಟಿ ಹಿಡಿದು ಪೆನ್ನಿನಲ್ಲಿ ಗುರುತು ಹಾಕಿ ಆಮೇಲೆ ಟೇಪಿಗೆ ಹಿಡಿದು ನೋಡಿದ್ದು, 65 ಇಂಚು ಬಂತು. ನಾನು ತಕ್ಕೊಂಡಿದ್ದ ಸೂಟು 61ರದ್ದು! ನಾಲ್ಕು ಇಂಚು ಕಡಿಮೆ ಇದ್ರೆ ಹೆಗಲು ಕೊರಿಯದೆ ಇರ್ತದಾ. ಒಬ್ಬಳೇ ತೆಗಿಬೇಡ, ಬಗ್ಗಿದ್ರೆ ತಪ್ಪುತ್ತದೆ, ಅಮ್ಮನ ಹತ್ರ ಹಿಡಿಲಿಕ್ಕೆ ಹೇಳು, ನೀನು ನೆಟ್ಟಗೆ ನಿಂತು ಮಾಮೂಲಿ ಉಸಿರು ಬಿಡು, ಹೊಟ್ಟೆ ಎಳ್ಕೊಳ್ಬೇಡ. ಅದೂ ಇದೂ ಎರಡು ಸೈಜಿಗೆ ಬಂದ್ರೆ, ಅಂದ್ರೆ ಎದೆಗೆ ಎಂ ಟಾರ್ಸೋಗೆ ಎಲ್ ಬಂದ್ರೆ, ದೊಡ್ಡದೇ ತಕ್ಕೊ, ಅಗಲ ನಾನು ಇಲ್ಲಿ ಹಿಡಿದು ಕೊಡ್ತೇನೆ, ಉದ್ದ ಸಾಲದ್ದನ್ನು ಉದ್ದ ಮಾಡ್ಲಿಕ್ಕೆ ಯಾರಿಗೂ ಆಗುದಿಲ್ಲ. ಉದ್ದ ಹೆಚ್ಚಾದ್ರೆ ಮಾತ್ರ ಹೊಟ್ಟೆ ಹತ್ರ ಅಡ್ಡ ಅಡ್ಡ ಮಡಿಕೆ ಬೀಳ್ತದೆ, ಪಟ್ಟಿ ಜಾರ್ತದೆ, ಗೋಡೆ ಒದ್ದು ಮುಂದೆ ಹೋಗುವಾಗ ಎದೆ ಒಳಗೆ ನೀರು ನುಗ್ಗಿ ಬಲೂನಿನ ಹಾಗೆ ಉಬ್ತದೆ.

ಹಾಕಿ ನೋಡುವಾಗ ಇನ್ನರ್ ಮೇಲೆಯೇ ಹಾಕು, ಒಳಗೆ ಅಂಟಿಸಿದ ಪ್ಲಾಸ್ಟಿಕ್ ಸ್ಟಿಕ್ಕರ್ ಕೀಳ್ಬೇಡ, ಕಿತ್ರೆ ವಾಪಸ್ ತಕ್ಕೊಳ್ಳುದಿಲ್ಲ. ಒಣಗಿರುವಾಗ ಸ್ವಲ್ಪ ಬಿಗಿ ಅನಿಸ್ಬೇಕು, ನೀರಿಗೆ ಬಿದ್ರೆ ಸಡಿಲ ಆಗ್ತದೆ, ಅಂಗಡಿಯಲ್ಲೇ ಆರಾಮ ಅನಿಸಿದ್ದು ನೀರಲ್ಲಿ ದೊಗಲೆ. ಹಾಗಂತ ಉಸಿರು ಕಟ್ಟುವಷ್ಟು ಬೇಡ, ಪಟ್ಟಿಯ ಕೆಳಗೆ ಎರಡು ಬೆರಳು ಹೋಗ್ಬೇಕು. ಮತ್ತೆ ಕನ್ನಡಿ ಮುಂದೆ ಬರೀ ನಿಂತ್ರೆ ಸಾಲದು, ಎರಡು ಕೈ ಮೇಲೆತ್ತು, ಬಗ್ಗು, ತುದಿಗಾಲಲ್ಲಿ ಕೂತು ಏಳು, ತೆಂಗಿನಕಾಯಿ ತುರಿಲಿಕ್ಕೆ ಮಣೆಯಲ್ಲಿ ಕೂತ ಹಾಗೆ. ಎದ್ದ ಮೇಲೆ ಬಟ್ಟೆ ಇದ್ದಲ್ಲೇ ಉಂಟಾ, ಕೈ ಹಾಕಿ ಸರಿ ಮಾಡ್ಬೇಕಾಯ್ತಾ ನೋಡು, ಮಾಡ್ಬೇಕಾಯ್ತು ಅಂದ್ರೆ ಅದು ನಿನ್ನದಲ್ಲ, ಅಲ್ಲೇ ಇಟ್ಟು ಬಾ.

ಇನ್ನು ಆ ಮೂರು ಫೋಟೋ. ಸ್ಕರ್ಟಿನದ್ದು ನಿಂಗೆ ಬೇಡ, ನಂಗೆ ಗೊತ್ತುಂಟು ನೀನು ತೊಡೆ ಮುಚ್ತದೆ ಅಂತ ಅದನ್ನು ಮೊದಲು ಹಾಕಿದ್ದು. ಆದ್ರೆ ಆ ಸ್ಕರ್ಟು ಮುಗಿಯುದು ಎಲ್ಲಿ ನೋಡು, ತೊಡೆಯ ಎಲ್ಲಕ್ಕಿಂತ ದಪ್ಪ ಜಾಗದಲ್ಲಿ, ಅಲ್ಲಿ ಒಂದು ಅಡ್ಡ ಗೆರೆ ಬಿದ್ರೆ ನೋಡುವವರ ಕಣ್ಣು ಅಲ್ಲಿಗೇ ಹೋಗುದು. ಗಿಡ್ಡ ಇದ್ದವರು ದೊಡ್ಡ ಅಂಚಿನ ಸೀರೆ ಉಟ್ರೆ ಇನ್ನೂ ಗಿಡ್ಡ ಕಾಣುದಿಲ್ವಾ, ಅದೇ ಲೆಕ್ಕ. ಮತ್ತೆ ನೀರೊಳಗೆ ಸ್ಕರ್ಟ್ ಕೊಡೆಯ ಹಾಗೆ ಅರಳಿ ಮೇಲೆ ಬರ್ತದೆ, ಮುಚ್ಚುದೂ ಇಲ್ಲ, ಕಾಲು ಬಡಿಯುವಾಗ ಹಿಂದೆ ಎಳಿತದೆ, ಕಲಿಯುವವರಿಗೆ ಅದು ಕಷ್ಟ. ರೆಸಾರ್ಟಿಗೆ ಹೋಗಿ ಸೊಂಟದವರೆಗಿನ ನೀರಲ್ಲಿ ನಿಲ್ಲುವುದಾದ್ರೆ ಹಾಕು, ಕ್ಲಾಸಿಗೆ ಬೇಡ.

ಹಾಲ್ಟರ್ ಚಂದ ಉಂಟು, ಒಪ್ಪಿದೆ, ಆ ಹೂವು ಸಹ ಚಂದ. ಆದ್ರೆ ಅದು ಹೆಗಲನ್ನು ಒಳಗೆ ತಳ್ಳಿ ಸಣ್ಣ ತೋರಿಸ್ತದೆ, ಅಗಲ ಹೆಗಲಿನವರಿಗೆ ಅದು ಒಳ್ಳೇದು, ನಿನ್ನ ಹಾಗೆ ಮೇಲೆ ಸಪೂರ ಇದ್ದು ಕೆಳಗೆ ಅಗಲ ಇದ್ದವರಿಗೆ ಬೇಕಾದ್ದು ತದ್ವಿರುದ್ಧ, ಹೆಗಲು ಸ್ವಲ್ಪ ಅಗಲ ಕಾಣ್ಬೇಕು. ಪಟ್ಟಿ ದೂರ ದೂರ ಇರ್ಬೇಕು, ಕತ್ತು ಚೌಕ ಅಥವಾ ಬೋಟ್ ನೆಕ್, ಡಿಸೈನು ಬಣ್ಣ ಎಲ್ಲ ಮೇಲೆ, ಕೆಳಗೆ ಗಾಢ ಬಣ್ಣ. ಇನ್ನೊಂದು, ನೀನು ಇನ್ನೂ ಮಗುವಿಗೆ ಹಾಲು ಕೊಡ್ತಿ ಅಲ್ವಾ, ಎದೆಯ ಭಾರ ಎಲ್ಲ ಕುತ್ತಿಗೆಯ ಹಿಂದಿನ ಆ ಗಂಟಿಗೆ ನೇತು ಬೀಳ್ತದೆ, ಅರ್ಧ ಗಂಟೆಯಲ್ಲಿ ತಲೆನೋವು. ಅಗಲ ಪಟ್ಟಿ, ಒಳಗೆ ಎದೆಯ ಕೆಳಗೆ ಇಲಾಸ್ಟಿಕ್ ಇರುವ ಶೆಲ್ಫ್ ಬ್ರಾ, ಅದನ್ನು ನೋಡಿ ತಕ್ಕೊ. ತೆಗೆದು ಹಾಕುವ ಪ್ಯಾಡ್ ಇದ್ರೆ ನಾಲ್ಕು ಹೊಲಿಗೆ ಹಾಕಿ ಕೂರಿಸ್ಬೇಕು, ಇಲ್ಲದಿದ್ರೆ ನೀರಲ್ಲಿ ತಿರುಗಿ ಎಲ್ಲೆಲ್ಲೋ ಹೋಗ್ತದೆ, ತಂದು ಕೊಡು ನಾನು ಹಾಕ್ತೇನೆ.

ಮೂರನೇದು, ನೇವಿ ಬ್ಲೂ, ನನ್ನ ಮನಸ್ಸು ಅದರ ಮೇಲೆಯೇ. ಅದನ್ನು ಯಾರೋ ಅಜ್ಜಿಯಂದಿರದ್ದು ಅಂತ ಕಮೆಂಟ್ ಹಾಕಿದ್ದಾರೆ, ಹಾಗೆಲ್ಲ ಇಲ್ಲ, ಒಲಿಂಪಿಕ್ಸಿನಲ್ಲಿ ರೇಸಿಗೆ ಇಳಿಯುವ ಹುಡುಗಿಯರು ಹಾಕುದೂ ಮೊಣಗಂಟಿನವರೆಗಿನದ್ದೇ. ಮೊದಲು ಪೂರ್ತಿ ಮೈ ಮುಚ್ಚುವ, ರಬ್ಬರಿನ ಹಾಗಿನ ಪಾಲಿಯುರೇಥೇನ್ ಸೂಟು ಇತ್ತಂತೆ, ಅದು ನೀರಲ್ಲಿ ತೇಲಿಸಿ ವೇಗ ಕೊಡ್ತದೆ ಅಂತ 2010 ಜನವರಿಯಿಂದ ಬಂದ್ ಮಾಡಿದ್ರು, ಈಗ ಹೆಂಗಸರಿಗೆ ಹೆಗಲಿನಿಂದ ಮೊಣಗಂಟಿನವರೆಗೆ ಮಾತ್ರ, ನಮ್ಮ ಕೋಚ್ ಹೇಳಿದ್ದು. ನಿನ್ನ ಫೋಟೋದ್ದರಲ್ಲಿ ಎರಡೂ ಬದಿಗೆ ಕಂಕುಳಿನಿಂದ ಕೆಳಗಿನವರೆಗೆ ಕಪ್ಪು ಪಟ್ಟಿ ಉಂಟು, ಗಮನಿಸಿದ್ದೀಯಾ? ಅದು ಬದಿಯನ್ನು ಒಳಗೆ ತಕ್ಕೊಂಡು ನಡುವಿನ ಭಾಗ ಮಾತ್ರ ಕಾಣಿಸ್ತದೆ, ತೊಡೆಗೆ ಒಳ್ಳೇದು. ಒಂದೇ ಕೊರತೆ ಹೊಟ್ಟೆಯ ಹತ್ರ ಬರೀ ಸಾದಾ ಉಂಟು. ಅದೇ ಮಾಡೆಲಿನಲ್ಲಿ ಹೊಟ್ಟೆಯ ಮೇಲೆ ಓರೆಯಾಗಿ ನೆರಿಗೆ ಹಿಡಿದದ್ದು, ಅಥವಾ ಒಳಗೆ ಪವರ್ ನೆಟ್, ಅಂದ್ರೆ ಹೊಟ್ಟೆ ಒತ್ತಿ ಹಿಡಿಯುವ ಬಿಗಿ ಜಾಲರಿ ಬಟ್ಟೆಯ ಲೈನಿಂಗ್ ಇರುದು ಸಿಗ್ತದಾ ನೋಡು. ಸೀರೆಯ ಸೆರಗು ಓರೆಯಾಗಿ ಹೊಟ್ಟೆ ಮೇಲೆ ಹೋಗುವಾಗ ಹೇಗೆ ಹೊಟ್ಟೆ ಅಡಗ್ತದೆ, ಆ ನೆರಿಗೆಯೂ ಅದನ್ನೇ ಮಾಡುದು. ಕಾಲು ಕಡಿಮೆ ಮುಚ್ಚುವಂಥದ್ದೇ ಬೇಕು ಅನಿಸಿದ್ರೆ ತೊಡೆಯ ಕಟ್ ಸ್ವಲ್ಪ ಮೇಲಕ್ಕೆ ಓರೆ ಇರುದು ತಕ್ಕೊ, ನೇರ ಅಡ್ಡ ಕತ್ತರಿಸಿದ್ದಕ್ಕಿಂತ ಅದರಲ್ಲಿ ಕಾಲು ಉದ್ದ ಕಾಣ್ತದೆ, ಹೆದರ್ಲಿಕ್ಕಿಲ್ಲ. ನಿನ್ನ ತಂಗಿ ಕೋಲಿನ ಹಾಗೆ ಇದ್ದಾಳೆ, ಅವಳಿಗೆ ಅಡ್ಡ ಗೀರು, ಝಾಲರು, ಸೊಂಟಕ್ಕೆ ಬೆಲ್ಟ್ ಎಂತ ಹಾಕಿದ್ರೂ ಆಗ್ತದೆ.

ದೊಡ್ಡಪ್ಪ, ನೀವು ಕೆಳಗೆ ಬರ್ದಿದ್ದೀರಿ, ನೈಟಿ ಹಾಕಿ ಕೆರೆಗೆ ಇಳಿದವರೇ ಅಲ್ವಾ ನಾವೆಲ್ಲ, ಇದೆಲ್ಲ ಎಂತಕ್ಕೆ ಅಂತ. ನಾನು ಹತ್ತನೇ ಕ್ಲಾಸಿನಲ್ಲಿರುವಾಗ ನಮ್ಮ ತೋಟದ ಕೆರೆಯಲ್ಲಿ ಉದ್ದಲಂಗ ಹಾಕಿಯೇ ಇಳಿದದ್ದು, ಲಂಗದೊಳಗೆ ಗಾಳಿ ತುಂಬಿ ಸುರುವಿಗೆ ಮೇಲೆ ಬಂತು, ಮುಖಕ್ಕೆ ಬಡಿಯಿತು, ಕೈಯಲ್ಲಿ ಒತ್ತುವಷ್ಟರಲ್ಲಿ ಒದ್ದೆಯಾಗಿ ಎರಡೂ ಕಾಲಿಗೆ ಸುತ್ತಿ ಕಟ್ಟಿ ಹಾಕಿದ ಹಾಗೆ ಆಯ್ತು, ಮೆಟ್ಲಿನಿಂದ ಎರಡು ಮೊಳ ದೂರ, ಅಷ್ಟೂ ದಾಟ್ಲಿಕ್ಕೆ ಆಗ್ಲಿಲ್ಲ, ಅಪ್ಪ ಅಡಿಕೆ ಸಲಾಕೆ ಹಿಡಿದು ಚಾಚಿದ್ದಕ್ಕೆ ಉಳಿದದ್ದು. ಕಾಟನ್ ನೀರು ಕುಡಿದ್ರೆ ಅಷ್ಟು ಭಾರ ಆಗ್ತದೆ. ಶಾಲು, ದುಪಟ್ಟ ಅಂತೂ ನೀರಿನ ಹತ್ರ ತರ್ಲೇಬಾರ್ದು. ಪೂಲಿನವರು ಕಾಟನ್ ಬಿಡದಿರುದಕ್ಕೆ ಇನ್ನೊಂದು ಕಾರಣ ಅದರ ನೂಲು ಬಿಟ್ಟು ಫಿಲ್ಟರಿಗೆ ಹೋಗಿ ಕಟ್ಟುದು.

ಚಿಕ್ಕಮ್ಮ ಕೇಳಿದ್ದು ಕೈ ಕಾಲು ಪೂರ್ತಿ ಮುಚ್ಚುವುದು ಸಿಗುದಿಲ್ವಾ ಅಂತ. ಸಿಗ್ತದೆ. ನಮ್ಮ ಬ್ಯಾಚಿನಲ್ಲಿ ಉಪ್ಪಳದ ಒಬ್ರು ತಲೆ ಸಹ ಮುಚ್ಚುವ ಬುರ್ಕಿನಿ ಹಾಕಿ ಬರ್ತಾರೆ, ಆಸ್ಟ್ರೇಲಿಯಾದ ಅಹೇದಾ ಝನೆಟ್ಟಿ ಅನ್ನುವ ಹೆಂಗಸು 2004ರಲ್ಲಿ ಮಾಡಿದ್ದು ಅದು, ಅವರು ನಮ್ಮೆಲ್ಲರಿಗಿಂತ ಚಂದ ಈಜ್ತಾರೆ. ನೋಡ್ಬೇಕಾದ್ದು ಒಂದೇ, ಮೇಲಿನ ಟಾಪಿನ ಒಳಗೆ ಪ್ಯಾಂಟಿಗೆ ಕಟ್ಟುವ ಲೂಪ್ ಇರ್ಬೇಕು, ಇಲ್ಲದಿದ್ರೆ ಟಾಪು ಮೇಲೆ ತೇಲ್ತದೆ. ಬಿಸಿಲಿನ ತೆರೆದ ಪೂಲಿಗೆ ಉದ್ದ ಕೈಯ ರ‍್ಯಾಶ್ ಗಾರ್ಡ್, ಅಂದ್ರೆ ಮೈಗೆ ಅಂಟಿ ಕೂರುವ ಈಜಿನ ಟೀ ಶರ್ಟ್, ಅದು ಸಹ ಒಳ್ಳೇದು, ಅದರಲ್ಲಿ ಯುಪಿಎಫ್ 50 ಅಂತ ಇದ್ರೆ ಬಿಸಿಲಿನ ಯುವಿಯಲ್ಲಿ 50ರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುದು.

ಬಟ್ಟೆಯ ವಿಷಯ ಬೇಗ ಹೇಳಿ ಬಿಡ್ತೇನೆ. ನೈಲಾನ್ ಲೈಕ್ರಾ ಮೃದು ಇರ್ತದೆ, ಮೈಗೆ ಚಂದ ಕೂರ್ತದೆ, ಆದ್ರೆ ಕ್ಲೋರಿನ್ ಸುರುವಿಗೆ ತಿನ್ನುದು ಆ ಲೈಕ್ರಾವನ್ನೇ, ಎಳೆದ್ರೆ ಹಿಗ್ಗುವ ಆ ನೂಲನ್ನೇ. ಕೂರುವ ಜಾಗದಲ್ಲಿ ಬಟ್ಟೆ ತೆಳು ಆಗಿ ಸಣ್ಣ ಸಣ್ಣ ಬಿಳಿ ನೂಲು ಎದ್ದು ನಿಂತ್ರೆ ಅದರ ಕಥೆ ಮುಗಿಯಿತು ಅಂತ ಲೆಕ್ಕ, ಹಾಕ್ಬೇಡ. ನಿಂದು ವಾರಕ್ಕೆ ಮೂರು ದಿನ ಕ್ಲಾಸು, ಹಾಗಾಗಿ ಲೇಬಲಿನಲ್ಲಿ ಪಾಲಿಯೆಸ್ಟರ್ ಮತ್ತು ಪಿಬಿಟಿ ಅಂತ ಇರುದನ್ನು ತಕ್ಕೊ, ಪಿಬಿಟಿ ಅಂದ್ರೆ ಹಿಗ್ಗುವ ಒಂದು ಜಾತಿಯ ಪಾಲಿಯೆಸ್ಟರ್, ಸ್ವಲ್ಪ ಗಟ್ಟಿ ಅನಿಸ್ತದೆ ಆದ್ರೆ ಬಾಳ್ತದೆ. ತಿಳಿ ಬಣ್ಣದ್ದು ಆದ್ರೆ ಒಳಗೆ ಕೈ ಹಾಕಿ ಬಟ್ಟೆ ಎಳೆದು ಲೈಟಿಗೆ ಹಿಡಿ, ಬೆರಳು ಕಂಡ್ರೆ ಒದ್ದೆಯಾದಾಗ ಎಲ್ಲ ಕಾಣ್ತದೆ. ಬಂದ ಕೂಡ್ಲೆ ಬಾವಿ ನೀರಲ್ಲಿ ಜಾಲಿಸು, ಹಿಂಡ್ಬೇಡ, ಟವೆಲಿನಲ್ಲಿ ಸುತ್ತಿ ಒತ್ತಿ ನೆರಳಿಗೆ ಹಾಕು, ವಾಷಿಂಗ್ ಮೆಷಿನ್ ಬೇಡವೇ ಬೇಡ.

ಮಗುವಿಗೂ ತಕ್ಕೊಳ್ತಿ ಅಂದಿದ್ದೆ ಅಲ್ವಾ, ಅದಕ್ಕೆ ಮಾತ್ರ ನೀಲಿ ಬೇಡ ಕೂಸೇ, ಎಷ್ಟು ಚಂದ ಇದ್ರೂ ಬೇಡ. ಪೂಲಿನ ಟೈಲ್ಸ್ ನೀಲಿ, ನೀರೂ ನೀಲಿ, ಒಳಗೆ ಹೋದ್ರೆ ಕಾಣುದಿಲ್ಲ. ಕಣ್ಣಿಗೆ ಹೊಡೆಯುವ ಕಿತ್ತಳೆ, ಗುಲಾಬಿ, ಅಂಥದ್ದು ತಕ್ಕೊ. ಮತ್ತೆ ಯಾವ ಬಣ್ಣ ಹಾಕಿದ್ರೂ ನಿನ್ನ ಕೈ ಅವನ ಮೇಲೆಯೇ ಇರ್ಲಿ.

ನಾಳೆ ಬೆಳಿಗ್ಗೆ ಅಮ್ಮನ ಹತ್ರ ಹಿಡಿಸಿ ನಾಲ್ಕು ಅಳತೆ ತೆಗೆದು ನಂಗೆ ಕಳಿಸು, ಗ್ರೂಪಿಗೆ ಹಾಕ್ಬೇಡ, ನನ್ನ ನಂಬ್ರಕ್ಕೆ. ಚಾರ್ಟು ನೋಡಿ ಸೈಜು ಹೇಳ್ತೇನೆ. ಶನಿವಾರ ಮಂಗಳೂರಿಗೆ ಹೋಗಿ ಅಂಗಡಿಯಲ್ಲೇ ಹಾಕಿ ನೋಡುವುದಾದ್ರೆ ನಾನು ಸಹ ಬರ್ತೇನೆ, ಬೆಳಿಗ್ಗಿನ ಟ್ರೈನಿಗೆ ಕಾಸರಗೋಡು ಸ್ಟೇಷನಿನಲ್ಲಿ ಸಿಗು, ಮಗುವನ್ನು ಟ್ರಯಲ್ ರೂಮಿನ ಹೊರಗೆ ನಾನು ಹಿಡ್ಕೊಳ್ತೇನೆ.