ಸಹಾಯ ಬೇಕು: ಭೇದಿ ನಿಂತ ಮೇಲೆ ಅಪ್ಪನಿಗೆ ಏನು ಕೊಡಲಿ?

ಅಪ್ಪನ ಭೇದಿ ಹಿಡಿತಕ್ಕೆ ಬಂದಿದೆ. ಜ್ವರ ಇಲ್ಲ, ರಕ್ತವೂ ಹೋಗಿಲ್ಲ. ಕಾಯಿಸಿ ಆರಿಸಿದ 1 ಲೀಟರ್ ನೀರಿಗೆ ಪೂರ್ತಿ ಓಆರ್‌ಎಸ್ ಪ್ಯಾಕೆಟ್ ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತಿದ್ದೇವೆ. ಊಟದ ಬಗ್ಗೆ ಡಾಕ್ಟರ್ 'ಹಗುರವಾದದ್ದು ಕೊಡಿ' ಅಂದರು, ಅಷ್ಟೇ.

ಉಪ್ಪು ಹಾಕಿದ ಅಕ್ಕಿ ಗಂಜಿ, ಬಾಳೆಹಣ್ಣು ಒಗ್ಗುತ್ತಿವೆ. ಹಾಲು ಹಾಕಿದ ಕಾಫಿ ಕುಡಿದರೆ ಮಾತ್ರ ಹೊಟ್ಟೆ ಗುಡುಗುಡು ಅನ್ನುತ್ತದೆ. ಈಗ ಗಂಜಿ ಲೋಟ ಕಂಡರೇ ಮುಖ ಆಚೆ ತಿರುಗಿಸುತ್ತಾರೆ. ಮುದ್ದೆ ಇಲ್ಲದೆ ಅದೆಂಥ ಊಟ ಅಂತ ರೇಗಾಟ ಬೇರೆ! ಅಮ್ಮ ಮೊಸರನ್ನ ಕೊಡು ಅನ್ನುತ್ತಾರೆ. ಮೊಸರೂ ಹಾಲಿನದೇ ಅಲ್ವಾ? ರಾಗಿಯಲ್ಲಿ ನಾರು ಜಾಸ್ತಿ ಅಂತ ಅದಕ್ಕೂ ಕೈ ಹಾಕಿಲ್ಲ.

ಹಾಲು ಒಗ್ಗದಿರುವಾಗ ಮೊಸರನ್ನ, ನೀರು ಮಜ್ಜಿಗೆ ಕೊಡಬಹುದಾ? ಮುದ್ದೆಗೆ ಮೊದಲು ಸೋಸಿದ ರಾಗಿ ಹಿಟ್ಟಿನ ತೆಳು ಅಂಬಲಿಯಿಂದ ಶುರು ಮಾಡಿದರೆ ಸರಿಯಾ?